ಮೊದಲ ಮೂರು ವಾರದ ಊಟ

ನವೆಂಬರ್ ಬಂತೆಂದರೆ ನಮ್ಮ ಮನೆಯ ಟ್ಯೂಬ್‌ಲೈಟ್ ಕೆಳಗೆ ಬೆಳಿಗ್ಗೆ ಒಂದು ಹಿಡಿ ಹುಳ ಬಿದ್ದಿರುತ್ತವೆ. ನೋಡಲು ಥೇಟ್ ಸೊಳ್ಳೆ. ಉದ್ದ ಕಾಲು, ತಿಳಿ ಹಸಿರು ಮೈ. ಮುಟ್ಟಿದರೆ ಪುಡಿ. ಅಮ್ಮ ಪೊರಕೆ ಹಿಡಿದು ಗುಡಿಸುತ್ತಾ ನನ್ನನ್ನು ಬೈಯುತ್ತಾಳೆ. ಕೆರೆ ಕಾಣುವ ಮನೆಯೇ ಬೇಕು ಅಂತ ಹಟ ಹಿಡಿದು ಇಲ್ಲಿಗೆ ಬಂದವಳು ನಾನು. ಹಾಗಾಗಿ ಕೆರೆಯ ವಾಸನೆ, ಹುಳ, ಕಪ್ಪೆಗಳ ಗಲಾಟೆ ಎಲ್ಲದಕ್ಕೂ ನಾನೇ ಜವಾಬ್ದಾರಿ.

ಆ ಸಲ ಬೈಗುಳ ಸ್ವಲ್ಪ ಜಾಸ್ತಿಯೇ ಇತ್ತು. ತಂಗಿ ಬಾಣಂತನಕ್ಕೆ ಬಂದಿದ್ದಳು. ಹತ್ತು ದಿನದ ಕೂಸು. ಮನೆ ತುಂಬ ಬೆಳ್ಳುಳ್ಳಿ, ಬಜೆ, ಸಾಂಬ್ರಾಣಿ ಹೊಗೆ. ಅಂಥ ಕೋಣೆಗೆ ಸಂಜೆ ಆರು ಗಂಟೆಗೆ ನೂರಾರು ಹುಳ ನುಗ್ಗಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಅದೇ ವಾರ ಕೆರೆಯಲ್ಲೂ ಮರಿಗಳಾದವು.

ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಉದ್ದ ಲೆನ್ಸಿನವರು ಜೊಂಡಿನೊಳಗೇ ಇಳಿಯುತ್ತಾರೆ. ಬೆಂಗಳೂರಿನ ಎಷ್ಟೋ ಕೆರೆಗಳ ಹಾಗೆ ಇದೂ ಒಂದು. ಒಂದು ಕಡೆ ಹಳೆಯ ಏರಿ, ಸುತ್ತ ವಾಕಿಂಗ್ ದಾರಿ, ಗೇಟಿನ ಬಳಿ ಕಡಲೆಪುರಿ ಮಾರುವ ಅಜ್ಜಿ. ಒಂದು ಮೂಲೆ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದಿದೆ. ರಾಜಕಾಲುವೆ ಬಂದು ಸೇರುವ ಮೂಲೆ ಅದು. ಅಲ್ಲಿ ನೀರು ಮೊಣಕಾಲುದ್ದವೂ ಇಲ್ಲ. ಜೊಂಡು, ಜೇಕು, ಹೊನಗೊನ್ನೆ ಸೊಪ್ಪು, ಕೆಸರು. ಅಂದವಾಗಿ ಏನೂ ಇಲ್ಲ.

ಕಡಲೆಕಾಯಿ ಪರಿಷೆಗೆ ಇನ್ನೊಂದು ವಾರ ಇತ್ತು. ಬೆಳಿಗ್ಗೆ ಆರೂವರೆ. ಆ ಮೂಲೆಯ ಜೊಂಡಿನ ಮರೆಯಿಂದ ಒಂದು ಚುಕ್ಕೆ ಕೊಕ್ಕಿನ ಬಾತು ಹೊರಗೆ ಬಂತು. ಅದರ ಸುತ್ತ, ಸಾಲಾಗಿ ಅಲ್ಲ, ಚೀಲದಿಂದ ಚೆಲ್ಲಿದ ಕಡಲೆಕಾಯಿಯ ಹಾಗೆ, ಪುಟ್ಟ ಪುಟ್ಟ ಮರಿಗಳು. ಮೂರು ಸಲ ಎಣಿಸಿದೆ. ಒಂಬತ್ತು.

ಈ ಬಾತನ್ನು ನೀವೂ ನೋಡಿರುತ್ತೀರಿ. ಕಪ್ಪು ಕೊಕ್ಕು, ಅದರ ತುದಿಗೆ ಅರಿಸಿನ ಹಚ್ಚಿದ ಹಾಗೆ ಹಳದಿ, ಬುಡದಲ್ಲಿ ಎರಡು ಕುಂಕುಮದ ಬೊಟ್ಟು. ಲಾಲ್‌ಬಾಗ್, ಹೆಬ್ಬಾಳ, ಜಕ್ಕೂರು, ಕೈಕೊಂಡರಹಳ್ಳಿ, ಎಲ್ಲ ಕಡೆ ಸಿಗುತ್ತದೆ. ವಾಕಿಂಗ್ ಬರುವವರು ನನ್ನ ಬೈನಾಕ್ಯುಲರ್ ನೋಡಿ, "ಸೈಬೀರಿಯಾದಿಂದ ಬಂದಿದ್ದಾ ಮೇಡಂ?" ಎಂದು ಕೇಳುತ್ತಾರೆ. ಅಲ್ಲ. ಚಳಿಗಾಲದಲ್ಲಿ ದೂರದಿಂದ ಬರುವ ಬಾತುಗಳು ಬೇರೆ ಇವೆ. ಇದು ಪಕ್ಕಾ ಲೋಕಲ್. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲೇ ಮೊಟ್ಟೆ ಇಡುವ ಹಕ್ಕಿ. ಹಾಗೆಂದರೆ ಕೇಳಿದವರಿಗೆ ಸ್ವಲ್ಪ ಬೇಸರವಾಗುತ್ತದೆ. ವಿದೇಶದ್ದು ಎಂದಿದ್ದರೆ ಒಂದು ಫೋಟೋ ಆದರೂ ತೆಗೆಯುತ್ತಿದ್ದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮಾಗಡಿ ಕಡೆಯ ಹಳ್ಳಿಯವಳು. ಅವಳಿಗೆ ನೀರಲ್ಲಿರುವ ಹಕ್ಕಿಗಳೆಲ್ಲ ನೀರುಕೋಳಿಯೇ. ಮೊದಲ ಪ್ರಶ್ನೆ ಊಟದ್ದೇ.

"ಒಂಬತ್ತಕ್ಕೂ ಏನು ತಿನ್ನಿಸುತ್ತೆ ಅದು?"

"ಏನೂ ತಿನ್ನಿಸಲ್ಲ."

ಅಮ್ಮನಿಗೆ ನಂಬಿಕೆ ಬರಲಿಲ್ಲ. ಕಾಗೆ ತಿನ್ನಿಸುತ್ತದೆ, ಗುಬ್ಬಿ ತಿನ್ನಿಸುತ್ತದೆ, ಕಿಟಕಿ ಮೇಲಿನ ಹಾಳು ಪಾರಿವಾಳವೂ ತಿನ್ನಿಸುತ್ತದೆ. ಬಾತಿಗೇನು ಬಂತು ರೋಗ?

ಬಾತುಮರಿಯ ಕತೆ ಬೇರೆ. ಗುಬ್ಬಿಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಒಂದು ಎಳೆ ಗರಿಯೂ ಇರುವುದಿಲ್ಲ, ಬಾಯಿ ತೆಗೆದು ಕೂಗುವುದೊಂದೇ ಗೊತ್ತು. ಬಾತುಮರಿ ಮೊಟ್ಟೆಯಿಂದ ಬರುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈ ತುಂಬ ತುಪ್ಪುಳು ಇರುತ್ತದೆ. ಒಂದು ದಿನ ಕಳೆಯುವುದರೊಳಗೆ ಗೂಡು ಬಿಟ್ಟು ನೀರಿಗೆ ಇಳಿಯುತ್ತದೆ. ಮತ್ತೆ ಆ ಗೂಡಿಗೆ ಹೋಗುವುದಿಲ್ಲ. ತಾಯಿ ದಾರಿ ತೋರಿಸುತ್ತದೆ, ಕಾಯುತ್ತದೆ, ಚಳಿಯಾದರೆ ರೆಕ್ಕೆ ಕೆಳಗೆ ಕೂರಿಸಿಕೊಳ್ಳುತ್ತದೆ. ಬಾಯಿಗೆ ತುತ್ತು ಮಾತ್ರ ಇಡುವುದಿಲ್ಲ. ಹುಟ್ಟಿದ ದಿನದಿಂದಲೇ ದುಡಿದು ತಿನ್ನಬೇಕು.

ಹಾಗಂತ ಖಾಲಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಮೊಟ್ಟೆಯ ಹಳದಿ ಭಾಗ ಇದೆಯಲ್ಲ, ಅದರಲ್ಲಿ ಉಳಿದದ್ದನ್ನು ಮರಿ ಹುಟ್ಟುವ ಮುಂಚೆ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಮೊದಲ ಒಂದೆರಡು ದಿನ ಅದೇ ಬುತ್ತಿ. ಬುತ್ತಿ ಮುಗಿಯುವುದರೊಳಗೆ ಯಾವುದು ಊಟ, ಯಾವುದು ಕಸ ಅಂತ ಕಲಿತುಬಿಡಬೇಕು. ಕಲಿಯುವ ರೀತಿ ನೋಡಲು ತಮಾಷೆಯಾಗಿರುತ್ತದೆ. ಕಂಡಕಂಡದ್ದಕ್ಕೆಲ್ಲ ಕುಕ್ಕುವುದು. ಎಲೆಯ ಚುಕ್ಕೆಗೆ ಕುಕ್ಕುತ್ತವೆ, ನೀರಿನ ಗುಳ್ಳೆಗೆ ಕುಕ್ಕುತ್ತವೆ, ಪಕ್ಕದ ಮರಿಯ ಕಾಲಿಗೆ ಕುಕ್ಕುತ್ತವೆ. ಅಲುಗಾಡುವುದನ್ನು ಕಂಡರೆ ಬಿಡುವುದೇ ಇಲ್ಲ. ಎರಡನೇ ದಿನ ಒಂದು ಮರಿ ಸಿಗರೇಟಿನ ತುಂಡನ್ನು ಐದು ಸಲ ಎತ್ತಿ ಐದು ಸಲ ಉಗಿದದ್ದನ್ನು ನೋಡಿದೆ.

ಅವು ನಿಜವಾಗಿ ಏನು ತಿನ್ನುತ್ತಿವೆ ಎಂದು ಬೈನಾಕ್ಯುಲರ್‌ನಲ್ಲಿ ಕಾಣುವುದು ಕಷ್ಟ. ಮೂರನೇ ದಿನ ಸಂಜೆ ಗೊತ್ತಾಯಿತು. ಬಿಸಿಲು ಇಳಿದಿತ್ತು. ಕೆರೆಯ ಮೇಲೆ ಹೊಗೆಯ ಕಂಬದ ಹಾಗೆ ಹುಳಗಳ ಗುಂಪು ಎದ್ದಿತ್ತು. ಮರಿಗಳಿಗೆ ಹುಚ್ಚು ಹಿಡಿದಿತ್ತು. ನೀರಿನ ಮೇಲೆ ಓಡುತ್ತಿದ್ದವು. ಈಜುವುದಲ್ಲ, ಓಡುವುದೇ. ಒಂದು ಕ್ಷಣ ನಿಂತು, ಕತ್ತು ಚಾಚಿ, ಟಪ್ ಅಂತ ಗಾಳಿಯಲ್ಲಿದ್ದ ಹುಳವನ್ನು ಹಿಡಿದು ಮತ್ತೆ ಓಟ.

ನಮ್ಮ ಟ್ಯೂಬ್‌ಲೈಟ್ ಕೆಳಗಿನ ಅದೇ ಹುಳ.

ಇಂಗ್ಲಿಷಿನಲ್ಲಿ ಮಿಡ್ಜ್ ಎನ್ನುತ್ತಾರೆ. ವಿಜ್ಞಾನದವರು ಕೈರೊನೊಮಿಡ್ ಎನ್ನುತ್ತಾರೆ. ಸೊಳ್ಳೆಯ ದೂರದ ನೆಂಟ, ಆದರೆ ಕಚ್ಚುವುದಿಲ್ಲ. ಕಚ್ಚಲು ಬೇಕಾದ ಸೂಜಿಯಂಥ ಬಾಯೇ ಅದಕ್ಕಿಲ್ಲ. ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ದಿನ. ಅದರ ಬದುಕಿನ ಹೆಚ್ಚು ಭಾಗ ಕೆರೆಯ ತಳದ ಕೆಸರಿನಲ್ಲಿ ಕಳೆಯುತ್ತದೆ. ಅಲ್ಲಿ ಅದು ದಾರದಂಥ ಹುಳ. ತನ್ನ ಜೊಲ್ಲಿನಿಂದ ಕೆಸರನ್ನು ಅಂಟಿಸಿ ಸಣ್ಣ ಕೊಳವೆ ಮಾಡಿಕೊಂಡು ಒಳಗೆ ಕೂತಿರುತ್ತದೆ. ಕೆಲವು ಜಾತಿಯವು ಕೆಂಪಗಿರುತ್ತವೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನಂಥದ್ದೇ ಅವುಗಳಲ್ಲೂ ಇದೆ. ಅದಕ್ಕೇ ಆಮ್ಲಜನಕ ಕಡಿಮೆ ಇರುವ ಕೊಳಕು ಕೆಸರಿನಲ್ಲೂ ಅವು ಬದುಕುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಹಾಕಲು ಬ್ಲಡ್‌ವರ್ಮ್ ಅಂತ ಮಾರುತ್ತಾರಲ್ಲ, ಅದೇ ಇದು.

ಹುಳ ಬಲಿತು ಕೋಶವಾಗಿ, ಆ ಕೋಶ ಮೇಲಕ್ಕೆ ತೇಲಿ ಬರುತ್ತದೆ. ನೀರಿನ ಮೇಲ್ಪದರದಲ್ಲಿ ಬೆನ್ನು ಸೀಳಿಕೊಂಡು ರೆಕ್ಕೆಯ ಹುಳ ಎದ್ದು ನಿಲ್ಲುತ್ತದೆ. ರೆಕ್ಕೆ ಗಟ್ಟಿಯಾಗಿ ಹಾರುವವರೆಗಿನ ಆ ಚೂರು ಹೊತ್ತು ಅದು ಎಲ್ಲೂ ಓಡಲಾರದು. ಬಾತುಮರಿಗೆ ಬೇಕಾದದ್ದು ಆ ಹೊತ್ತೇ. ಎರಡು ದಿನದ ಮರಿಗೆ ಮುಳುಗಿ ಹುಡುಕುವ ಶಕ್ತಿ ಹೆಚ್ಚಿಲ್ಲ, ಕತ್ತು ಗಿಡ್ಡ. ಊಟವೇ ಮೇಲೆದ್ದು ಬಂದು ಮೂಗಿನ ಮುಂದೆ ನಿಂತರೆ ಇನ್ನೇನು ಬೇಕು?

ಬಾತುಮರಿಗಳ ಊಟದ ಬಗ್ಗೆ ಹೆಚ್ಚು ಅಧ್ಯಯನ ಆಗಿರುವುದು ಮಲ್ಲಾರ್ಡ್ ಎಂಬ ಬಾತಿನ ಮೇಲೆ, ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ. ನಮ್ಮ ಚುಕ್ಕೆ ಕೊಕ್ಕಿನದಕ್ಕೂ ಅದಕ್ಕೂ ಕುಲ ಒಂದೇ, ಅನಾಸ್. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಎನ್ನಬಹುದು. ಅಲ್ಲಿ ಕಂಡದ್ದು ಇದು: ಮೊದಲ ಎರಡು ಮೂರು ವಾರ ಮರಿಯ ಊಟದಲ್ಲಿ ಬಹುಪಾಲು ಹುಳ, ಹುಪ್ಪಟೆ, ಬಸವನಹುಳ, ನೀರಿನ ಚಿಗಟದಂಥ ಸಣ್ಣ ಜೀವಿಗಳೇ. ಸೊಪ್ಪು, ಕಾಳು ಇದ್ದರೂ ಹೆಸರಿಗೆ ಮಾತ್ರ. ಅಮ್ಮ ಬಾತು ಪಕ್ಕದಲ್ಲೇ ಜೇಕಿನ ಬೀಜ, ಎಳೆ ಸೊಪ್ಪು ಮೇಯುತ್ತಿರುತ್ತದೆ. ಮಕ್ಕಳು ಬೇಟೆಯಾಡುತ್ತಿರುತ್ತವೆ. ಒಂದೇ ಮನೆ, ಎರಡು ಒಲೆ.

ಕಾರಣ ತೂಕದ ಲೆಕ್ಕದಲ್ಲಿದೆ. ಮಲ್ಲಾರ್ಡ್ ಮರಿ ಹುಟ್ಟುವಾಗ 30ರಿಂದ 40 ಗ್ರಾಂ. ಒಂದು ನಿಂಬೆಹಣ್ಣು ಅಂದುಕೊಳ್ಳಿ. 50ರಿಂದ 60 ದಿನದಲ್ಲಿ ಅದು ಹಾರಬೇಕು. ಅಷ್ಟರಲ್ಲಿ ಮುಕ್ಕಾಲು ಕೆಜಿ ದಾಟಿರುತ್ತದೆ. ನಮ್ಮ ಕೂಸು ಈ ವೇಗದಲ್ಲಿ ಬೆಳೆದಿದ್ದರೆ ಸಂಕ್ರಾಂತಿಗೆ ಅದನ್ನು ಎತ್ತಲು ನಾಲ್ಕು ಜನ ಬೇಕಾಗುತ್ತಿತ್ತು. ಮಾಂಸ ಕಟ್ಟಲು ಪ್ರೋಟೀನ್ ಬೇಕು. ಗರಿ ಕಟ್ಟಲು ಇನ್ನೂ ಬೇಕು, ಏಕೆಂದರೆ ಗರಿ ಎಂದರೆ ಒಣಗಿದ ಪ್ರೋಟೀನೇ. ಅದರಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು ಬೇಕು. ಅವು ಹುಳಗಳಲ್ಲಿ ಧಾರಾಳ, ಸೊಪ್ಪಿನಲ್ಲಿ ಕಡಿಮೆ. ಮಿಡ್ಜ್ ಮರಿಹುಳದ ನೀರೆಲ್ಲ ಒಣಗಿಸಿ ತೂಗಿದರೆ ಉಳಿದದ್ದರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಪ್ರೋಟೀನ್.

ಗುಬ್ಬಿಯದ್ದೂ ಇದೇ ಕತೆ. ದೊಡ್ಡ ಗುಬ್ಬಿ ಅಕ್ಕಿ ನುಚ್ಚು ತಿನ್ನುತ್ತದೆ, ಮರಿಗೆ ಮಾತ್ರ ಹುಳ ಹುಡುಕಿ ತರುತ್ತದೆ. ಪಾರಿವಾಳ ಇದರಿಂದ ತಪ್ಪಿಸಿಕೊಂಡ ಚಾಲಾಕಿ. ಅದರ ಗಂಟಲ ಚೀಲದಲ್ಲೇ ಹಾಲಿನಂಥ ಒಂದು ಗಂಜಿ ತಯಾರಾಗುತ್ತದೆ, ಗಂಡು ಹೆಣ್ಣು ಎರಡರಲ್ಲೂ. ಮರಿಗೆ ಹುಳ ಬೇಕಿಲ್ಲ. ಅಪ್ಪ ಅಮ್ಮ ಕಾಳು ತಿಂದರೆ ಸಾಕು. ಅಪಾರ್ಟ್‌ಮೆಂಟಿನ ಡಕ್ಟ್‌ಗಳಲ್ಲಿ ಪಾರಿವಾಳ ವರ್ಷವಿಡೀ ಮರಿ ಮಾಡಲು ಇದೂ ಒಂದು ಕಾರಣ. ಇದನ್ನು ಹೇಳಿದಾಗ ಅಮ್ಮ, "ಗಂಡಿಗೂ ಹಾಲು ಬರುತ್ತಾ?" ಎಂದು ತಂಗಿಯ ಗಂಡನನ್ನು ಒಂದು ಸಲ ನೋಡಿದಳು. ಅವನು ಫೋನ್ ಹಿಡಿದು ಬಾಲ್ಕನಿಗೆ ಹೋದ.

ಈಗ ನನ್ನ ತಪ್ಪಿನ ವಿಷಯ. ಪರಿಷೆಯಿಂದ ಬಂದ ಮರುದಿನ ಕೈಯಲ್ಲಿ ಕಡಲೆಪುರಿಯ ಪೊಟ್ಟಣ ಇತ್ತು. ಮರಿಗಳು ದಡದ ಹತ್ತಿರವೇ ಇದ್ದವು. ಇಷ್ಟೆಲ್ಲ ಓದಿದವಳಿಗೆ ಆಗ ಏನಾಗಿತ್ತೋ, ಒಂದು ಹಿಡಿ ಎಸೆದೆ. ಮೂರು ಮರಿ ಬಂದು ಕುಕ್ಕಿದವು. ಆಮೇಲೆ ನೀರು ಕುದಿಯತೊಡಗಿತು. ಕೆಳಗಿಂದ ದಪ್ಪ ಬಾಯಿಗಳು ಎದ್ದವು. ಗೇಟಿನ ಬಳಿ ದಿನವೂ ಪುರಿ ತಿಂದು ರೂಢಿಯಾದ ಮೀನುಗಳು. ಅವುಗಳಲ್ಲಿ ಮೀಸೆಯ ಆಫ್ರಿಕನ್ ಕ್ಯಾಟ್‌ಫಿಷ್ ಇದ್ದದ್ದು ನನಗೆ ಗೊತ್ತಾದದ್ದು ಅವತ್ತೇ. ಅದಕ್ಕೆ ಪುರಿಯೂ ಒಂದೇ, ಬಾತುಮರಿಯೂ ಒಂದೇ. ತಾಯಿ ಬಾತು ಕರ್ಕಶವಾಗಿ ಕೂಗಿ ಮರಿಗಳನ್ನು ಜೊಂಡಿನೊಳಗೆ ಕರೆದುಕೊಂಡು ಹೋಯಿತು. ಮರುದಿನ ಎಣಿಸಿದರೆ ಎಂಟು. ಮೀನೇ ತಿಂದಿತು ಎಂದು ಹೇಳಲಾರೆ. ಹದ್ದು ಇರಬಹುದು, ಹಾವು ಇರಬಹುದು, ಬೆಕ್ಕು ಇರಬಹುದು. ಆದರೂ ಆ ಪೊಟ್ಟಣ ತುಂಬ ದಿನ ಅಡುಗೆಮನೆಯ ಶೆಲ್ಫಿನಲ್ಲೇ ಇತ್ತು. ಒಗ್ಗರಣೆ ಹಾಕಿ ತಿನ್ನಲೂ ಮನಸ್ಸಾಗಲಿಲ್ಲ.

ಮೀನು ಇಲ್ಲದಿದ್ದರೂ ಅದು ತಪ್ಪೇ. ಪುರಿ, ಬ್ರೆಡ್ಡು ಹೊಟ್ಟೆ ತುಂಬಿಸುತ್ತವೆ, ಮೈ ಕಟ್ಟುವುದಿಲ್ಲ. ಬರೀ ಪಿಷ್ಟ. ಹೊಟ್ಟೆ ತುಂಬಿದ ಮರಿ ಹುಳ ಹುಡುಕುವುದನ್ನು ಬಿಡುತ್ತದೆ. ಊರಿನ ಕೊಳಗಳಲ್ಲಿ ಇಂಥದ್ದನ್ನು ತಿಂದು ಬೆಳೆದ ಬಾತುಗಳಲ್ಲಿ ಕೆಲವಕ್ಕೆ ರೆಕ್ಕೆಯ ತುದಿ ಹೊರಕ್ಕೆ ತಿರುಗಿಕೊಂಡಿರುತ್ತದೆ. ಏಂಜೆಲ್ ವಿಂಗ್ ಎಂಬ ಚಂದದ ಹೆಸರಿನ ಕೆಟ್ಟ ತೊಂದರೆ. ಮೈ ಬೇಗ ತೂಕ ಏರಿ, ಗರಿಯ ಭಾರ ಹೊರುವಷ್ಟು ರೆಕ್ಕೆಯ ಕೀಲು ಗಟ್ಟಿಯಾಗದೆ ಹೀಗಾಗುತ್ತದೆ ಎನ್ನುತ್ತಾರೆ. ಹಾಗೆ ಬೆಳೆದ ಬಾತು ಹಾರುವುದಿಲ್ಲ.

ಡಿಸೆಂಬರ್ ಮೊದಲ ವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಬೆಂಗಳೂರಿನವರಿಗೆ ಇದರರ್ಥ ಗೊತ್ತು. ಮೂರು ದಿನ ಸೂರ್ಯ ಇಲ್ಲ, ಜಿಟಿಜಿಟಿ ಮಳೆ, ಒಣಗದ ಬಟ್ಟೆ. ಮನೆಯಲ್ಲಿ ಕೂಸಿನ ಬಟ್ಟೆಗಳನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದೆವು. ಟ್ಯೂಬ್‌ಲೈಟ್ ಕೆಳಗೆ ಹುಳ ಬೀಳಲಿಲ್ಲ. ಅಮ್ಮನಿಗೆ ಖುಷಿ. ನನಗೆ ಹೊಟ್ಟೆಯಲ್ಲಿ ಸಂಕಟ. ಚಳಿ, ಗಾಳಿ ಇದ್ದರೆ ಹುಳ ಮೇಲೇಳುವುದು ಕಡಿಮೆ. ಹುಳ ಇಲ್ಲವೆಂದರೆ ಮರಿ ಇನ್ನೂ ಜಾಸ್ತಿ ಹೊತ್ತು ನೀರಿನಲ್ಲಿ ಹುಡುಕಬೇಕು. ಜಾಸ್ತಿ ಹೊತ್ತು ನೆನೆದರೆ ಮೈ ತಣ್ಣಗಾಗುತ್ತದೆ. ಬೆಚ್ಚಗಾಗಲು ತಾಯಿಯ ರೆಕ್ಕೆ ಕೆಳಗೆ ಕೂತರೆ ಆ ಹೊತ್ತು ಊಟವಿಲ್ಲ. ಮರಿಗೆ ಎರಡೂ ಕಡೆಯಿಂದ ಏಟು. ನಾಲ್ಕನೇ ದಿನ ಬಿಸಿಲು ಬಂದಾಗ ಹೋಗಿ ಎಣಿಸಿದೆ. ಐದು.

ಈ ನಡುವೆ ವಾಕಿಂಗ್ ದಾರಿಯಲ್ಲಿ ಒಂದು ಅರ್ಜಿ ಓಡಾಡುತ್ತಿತ್ತು. ಕೆರೆಯಿಂದ ಸೊಳ್ಳೆ ಕಾಟ, ವಾರಕ್ಕೆರಡು ಸಲ ಹೊಗೆ ಹೊಡೆಯಿರಿ, ಆ ಮೂಲೆಯ ಜೊಂಡು ಕೀಳಿಸಿ, ದಡಕ್ಕೆ ಕಲ್ಲು ಕಟ್ಟಿಸಿ. ನಮ್ಮ ಮನೆಗೂ ಬಂತು. ಎಳೆ ಕೂಸಿರುವ ಮನೆ, ಸಹಿ ಹಾಕಲ್ಲ ಅಂದರೆ ಹೇಗೆ? ಅಮ್ಮ ಆಗಲೇ ಹಾಕಿದ್ದಳು. ನಾನು ಪೆನ್ನು ಹಿಡಿದು ನಿಂತೆ.

ಸೊಳ್ಳೆಯ ಭಯ ಸುಳ್ಳಲ್ಲ. ಬೆಂಗಳೂರಿನಲ್ಲಿ ಡೆಂಗೀ ಏನೆಂದು ನಮಗೆಲ್ಲ ಗೊತ್ತು. ಆದರೆ ಡೆಂಗೀ ಹರಡುವ ಈಡಿಸ್ ಸೊಳ್ಳೆ ಕೆರೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ನಮ್ಮ ಮನೆಗಳೇ ಇಷ್ಟ. ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ಎಳನೀರಿನ ಬುರುಡೆ, ಹಳೆ ಟೈರು. ಬಂದವರಿಗೆ ಇದನ್ನು ಹೇಳಿದೆ. ದೀಪಕ್ಕೆ ಬರುವ ಹುಳ ಕಚ್ಚುವುದಿಲ್ಲ ಎಂದೂ ಹೇಳಿದೆ. ಒಂದು ಹುಳವನ್ನು ಅಂಗೈ ಮೇಲೆ ಕೂರಿಸಿಕೊಂಡು ತೋರಿಸಿದೆ. ಅವರು ನಕ್ಕರು. "ಮೇಡಂ, ನಿಮಗೆ ಕಚ್ಚಲ್ಲ ಬಿಡಿ, ನೀವು ಕೆರೆಯವರೇ." ಅರ್ಜಿ ಹೋಯಿತು. ನನ್ನ ಸಹಿ ಇರಲಿಲ್ಲ, ಅಮ್ಮನದಿತ್ತು.

ನಾನು ಮಾಡಿದ ಕೆಲಸ ಇಷ್ಟೇ. ಬಾಣಂತಿ ಕೋಣೆಯ ಬಿಳಿ ದೀಪ ತೆಗೆದು ಹಳದಿ ಬಲ್ಬ್ ಹಾಕಿದೆ. ಐದೂವರೆಗೇ ಕಿಟಕಿ ಮುಚ್ಚಿದೆ. ಹುಳ ಅರ್ಧಕ್ಕರ್ಧ ಕಡಿಮೆಯಾಯಿತು. ಅಮ್ಮ ಇದನ್ನು ಒಪ್ಪಿಕೊಳ್ಳಲಿಲ್ಲ, ಮಳೆ ನಿಂತಿದ್ದಕ್ಕೆ ಎಂದಳು.

ಅರ್ಜಿಯಲ್ಲಿ ನನಗೆ ಹೊಗೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ಕಲ್ಲಿನ ದಡ. ಬೆಂಗಳೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ, ಹಿಂದಿನವರು ಕಟ್ಟಿದವು. ಕಟ್ಟಿದ್ದು ಒಂದು ಕಡೆ ಮಾತ್ರ. ಹಳ್ಳಕ್ಕೆ ಅಡ್ಡ ಏರಿ, ಅದರಲ್ಲಿ ತೂಬು, ಪಕ್ಕದಲ್ಲಿ ಕೋಡಿ. ಉಳಿದ ಮೂರು ಕಡೆ ನೆಲ ತನ್ನಷ್ಟಕ್ಕೆ ಇಳಿಯುತ್ತಾ ಬಂದು ನೀರಾಗುತ್ತಿತ್ತು. ಎಲ್ಲಿ ಹೊಲ ಮುಗಿಯಿತು, ಎಲ್ಲಿ ಕೆರೆ ಶುರುವಾಯಿತು ಎಂದು ಹೇಳಲು ಆಗುತ್ತಿರಲಿಲ್ಲ. ಮಳೆಗೆ ನೀರು ಹೊಲದ ಕಡೆ ಬರುತ್ತಿತ್ತು, ಬೇಸಿಗೆಗೆ ಹಿಂದೆ ಸರಿಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಹುಲ್ಲು, ಜೇಕು ಬೆಳೆದು ಬೀಜ ಉದುರಿಸುತ್ತಿದ್ದವು. ಮಳೆಗಾಲದಲ್ಲಿ ಅದೇ ಹುಲ್ಲು ಮುಳುಗಿ ಕೊಳೆತು ಹುಳಗಳಿಗೆ ಊಟವಾಗುತ್ತಿತ್ತು. ಅಮ್ಮನ ಊರಿನ ಕೆರೆ ಈಗಲೂ ಹಾಗೇ ಇದೆ. ತಟ್ಟೆಯ ಹಾಗೆ.

ನಗರದಲ್ಲಿ ನಾವು ಕೆರೆಯನ್ನು ಉಳಿಸುತ್ತೇವೆ ಎಂದು ಅದನ್ನು ಕೊಳಗ ಮಾಡಿದ್ದೇವೆ. ಹೂಳು ತೆಗೆಯುವಾಗ ಅಂಚಿನವರೆಗೂ ಆಳ ತೋಡುವುದು, ಸುತ್ತಲೂ ಏರಿ ಎಬ್ಬಿಸಿ ಮೇಲೆ ವಾಕಿಂಗ್ ದಾರಿ, ಒಳಗೆ ಕಡಿದಾದ ಕಲ್ಲು. ನೀರು ಜಾಸ್ತಿ ನಿಲ್ಲುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ದೊಡ್ಡ ಬಾತುಗಳು ಅಂಥ ಕೆರೆಗೂ ಬರುತ್ತವೆ, ತೇಲುತ್ತವೆ, ನಿದ್ದೆ ಮಾಡುತ್ತವೆ. ನೋಡಿದವರಿಗೆ ಕೆರೆ ಜೀವಂತ ಎನಿಸುತ್ತದೆ. ಆದರೆ ನಿಂಬೆಹಣ್ಣಿನ ತೂಕದ ಮರಿಗೆ ಅಲ್ಲಿ ತಿನ್ನಲು ಏನಿದೆ? ಹುಳ ಬೆಳೆಯುವ ಬೆಚ್ಚಗಿನ ತೆಳು ನೀರಿಲ್ಲ, ಬಸವನಹುಳ ಹತ್ತುವ ಕಾಂಡವಿಲ್ಲ, ಹದ್ದು ಬಂದರೆ ಅಡಗಲು ಜೊಂಡಿಲ್ಲ. ದಡ ಹತ್ತಿ ಮೈ ಒಣಗಿಸಿಕೊಳ್ಳೋಣ ಎಂದರೆ ಕಲ್ಲಿನ ಗೋಡೆ. ಬಾತು ಇರುವ ಕೆರೆ ಬೇರೆ, ಬಾತುಮರಿ ಬೆಳೆಯುವ ಕೆರೆ ಬೇರೆ ಎಂದು ನನಗೆ ಹೊಳೆದದ್ದು ಆ ಒಂದು ಮೂಲೆಯನ್ನೇ ಎರಡು ತಿಂಗಳು ನೋಡಿದ ಮೇಲೆ. ಅಷ್ಟು ದೊಡ್ಡ ಕೆರೆಯಲ್ಲಿ ಆ ಐದು ಮರಿ ಮೊದಲ ಮೂರು ವಾರ ಆ ಮೂಲೆ ಬಿಟ್ಟು ಎಲ್ಲೂ ಹೋಗಲಿಲ್ಲ.

ಮೀನಿನ ವಿಷಯವೂ ಸೇರಿಸಬೇಕು. ಕ್ಯಾಟ್‌ಫಿಷ್ ಮರಿಯನ್ನೇ ನುಂಗಬಹುದು. ಸಾಧು ಮೀನುಗಳು ಮರಿಯ ತಟ್ಟೆಯಿಂದ ಕದಿಯುತ್ತವೆ. ಅವುಗಳಿಗೂ ಅದೇ ಹುಳ ಬೇಕು. ಇಂಗ್ಲೆಂಡಿನಲ್ಲಿ ಜಲ್ಲಿ ತೆಗೆದು ಉಳಿದ ಹೊಂಡಗಳಿಂದ ಮೀನನ್ನು ತೆಗೆದು ನೋಡಿದ್ದಾರೆ. ಹುಳ ಹೆಚ್ಚಾದವು, ಮಲ್ಲಾರ್ಡ್ ಮರಿಗಳೂ ಹೆಚ್ಚು ಬದುಕಿದವು. ನಮ್ಮ ಕೆರೆಗಳಿಗೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡುತ್ತಾರೆ. ಗೆಂಡೆ ತಳದ ಕೆಸರನ್ನು ಮೂಗಿನಿಂದ ಕೆದಕಿ ಕೆದಕಿ ತಿನ್ನುವ ಮೀನು. ಸೊಳ್ಳೆ ಕಡಿಮೆಯಾಗಲಿ ಎಂದು ಗಪ್ಪಿ, ಗಂಬೂಸಿಯಾ ಬಿಡುತ್ತಾರೆ. ಮೀನು ಹಿಡಿದು ಬದುಕುವವರಿದ್ದಾರೆ, ಅದನ್ನು ಬೇಡ ಎನ್ನಲಾರೆ. ಮೀನು ಬರಲು ಕಷ್ಟವಾಗುವಷ್ಟು ತೆಳುವಾದ ನೀರು ಒಂದು ಮೂಲೆಯಲ್ಲಿ ಇದ್ದರೆ ಸಾಕು, ಅಲ್ಲಿ ಮರಿಗೆ ಊಟ ಉಳಿಯುತ್ತದೆ.

ಹಾಗಾದರೆ ಕೊಳಚೆ ನೀರು ಬಂದು ಹುಳ ಹೆಚ್ಚಾದರೆ ಒಳ್ಳೆಯದೇ ಅಲ್ವಾ ಎಂದು ಯಾರೋ ಕೇಳಿದರು. ಸ್ವಲ್ಪ ಮಟ್ಟಿಗೆ ಹೌದು, ಅದೇ ಕಿರಿಕಿರಿ. ಆದರೆ ಆಮ್ಲಜನಕ ಪೂರ್ತಿ ಕುಸಿದರೆ ಏರೋಪ್ಲೇನ್ ಚಿಟ್ಟೆಯ ಮರಿಹುಳಗಳು, ಬಸವನಹುಳಗಳು ಒಂದೊಂದಾಗಿ ಮಾಯವಾಗುತ್ತವೆ. ಕಡೆಗೆ ಆ ಕೆಂಪು ಹುಳ ಮಾತ್ರ ಉಳಿಯುತ್ತದೆ. ಮೇಲಾಗಿ ಸೋಪಿನ ನೊರೆ ಇದೆಯಲ್ಲ, ಬೆಳ್ಳಂದೂರಿನಲ್ಲಿ ರಸ್ತೆಗೆ ಹಾರಿ ಬಂದು ಸುದ್ದಿಯಾದದ್ದು, ಅದು ಗರಿಯ ನೀರು ತಡೆಯುವ ಗುಣವನ್ನೇ ತೆಗೆದುಬಿಡುತ್ತದೆ. ಜಕ್ಕೂರಿನಲ್ಲಿ ಮಾಡಿರುವುದು ನನಗೆ ಇಷ್ಟ. ಅಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದು, ಜೊಂಡು ಬೆಳೆದ ತೆಳು ನೀರಿನ ಜೌಗನ್ನು ದಾಟಿ, ಆಮೇಲೆ ಕೆರೆ ಸೇರುತ್ತದೆ.

ಡಿಸೆಂಬರ್ ಮಧ್ಯದ ಹೊತ್ತಿಗೆ ಮರಿಗಳ ಚಂದ ಹೋಯಿತು. ತುಪ್ಪುಳು ಉದುರಿ, ಅಲ್ಲಲ್ಲಿ ಗರಿ ಮೊಳೆತು, ಹತ್ತನೇ ಕ್ಲಾಸಿನ ಹುಡುಗರ ಮೀಸೆಯ ಹಾಗೆ ಕಾಣುತ್ತಿದ್ದವು. ಫೋಟೋದವರು ಬರುವುದು ಬಿಟ್ಟರು. ನನಗೆ ಆಗಲೇ ಆಸಕ್ತಿ ಹೆಚ್ಚಾದದ್ದು, ಏಕೆಂದರೆ ಊಟದ ರೀತಿ ಬದಲಾಗುತ್ತಿತ್ತು. ಓಡಿ ಹಿಡಿಯುವುದು ಕಡಿಮೆಯಾಯಿತು. ಮೊದಲು ಬರೀ ಕೊಕ್ಕು ನೀರಿನಲ್ಲಿ. ಆಮೇಲೆ ಕಣ್ಣಿನವರೆಗೆ. ಆಮೇಲೆ ಇಡೀ ತಲೆ. ಒಂದು ದಿನ ಒಂದು ಮರಿ ಅಮ್ಮನ ಹಾಗೆ ಬಾಲ ಮೇಲೆ ಮಾಡಿ ತಲೆಕೆಳಗಾಗಲು ಹೋಗಿ ಪಲ್ಟಿ ಹೊಡೆಯಿತು. ಒಂದು ವಾರದಲ್ಲಿ ಕಲಿತವು. ಕತ್ತು ಉದ್ದವಾದಷ್ಟೂ ಕೆರೆ ಆಳವಾಗುತ್ತಾ ಹೋಯಿತು ಅವಕ್ಕೆ.

ಆಳದಲ್ಲಿ ಸಿಗುವುದು ಬೇರೆ ಊಟ. ನೀರಿನೊಳಗೆ ಬೆಳೆಯುವ ಹೈಡ್ರಿಲ್ಲಾದಂಥ ಬಳ್ಳಿ, ಎಳೆ ಬೇರು, ಕೆಸರಿನಲ್ಲಿ ಕೂತ ಜೇಕಿನ ಬೀಜ, ಹುಲ್ಲಿನ ಬೀಜ. ಬಾತಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಾಲು ಇದೆ. ಕೆಸರು ನೀರನ್ನು ಬಾಯಿ ತುಂಬ ತೆಗೆದುಕೊಂಡು ಬದಿಯಿಂದ ಹೊರಕ್ಕೆ ತಳ್ಳಿದರೆ ನೀರು ಹೋಗುತ್ತದೆ, ಬೀಜ ನಿಲ್ಲುತ್ತದೆ. ನಾವು ಅಕ್ಕಿ ತೊಳೆದು ಬಸಿಯುವ ಹಾಗೆ. ಬೀಜ ಅರೆಯಲು ಹಲ್ಲಿಲ್ಲ. ಸಣ್ಣ ಮರಳು ಕಲ್ಲುಗಳನ್ನು ನುಂಗಿರುತ್ತವೆ. ಹೊಟ್ಟೆಯ ಗಟ್ಟಿ ಚೀಲದಲ್ಲಿ ಆ ಕಲ್ಲುಗಳೇ ಬೀಸುವ ಕಲ್ಲು. ಹುಳ ತಿನ್ನುವ ಮರಿಗೆ ಬೀಸುವ ಕೆಲಸ ಕಡಿಮೆ. ಕಾಳಿಗೆ ಹೋದಂತೆ ಆ ಚೀಲವೂ ಬಲಿಯುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಊಟದ ಹೆಚ್ಚು ಭಾಗ ಸೊಪ್ಪು, ಕಾಳೇ.

ನಮ್ಮ ಮಕ್ಕಳಿಗೆ ಹಾಲಿನಿಂದ ರಾಗಿ ಸರಿ, ರಾಗಿ ಸರಿಯಿಂದ ಅನ್ನ. ಇವಕ್ಕೆ ಬೇಟೆಯಿಂದ ಕಾಳು. ಮಾಂಸಾಹಾರಿಯಾಗಿ ಹುಟ್ಟಿ ಮುಕ್ಕಾಲು ಪಾಲು ಸಸ್ಯಾಹಾರಿಯಾಗುವುದು. ಅಮ್ಮನಿಗೆ ಈ ವಿಷಯ ಬಹಳ ಇಷ್ಟವಾಯಿತು. ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಸಿಪ್ಪೆಯ ರಾಶಿ. ಕಾಯೊಳಗೆ ಸಿಕ್ಕ ಹಸಿರು ಹುಳವನ್ನು ನನ್ನ ಮುಂದೆ ಹಿಡಿದು, "ತಗೊಂಡು ಹೋಗು, ಚಿಕ್ಕವಕ್ಕೆ" ಎಂದಳು. ಅಷ್ಟರಲ್ಲಿ ಅವು ಚಿಕ್ಕವಾಗಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ನಾಲ್ಕು ಉಳಿದಿದ್ದವು. ಐದನೆಯದು ಯಾವಾಗ ಹೋಯಿತೋ ಗೊತ್ತಿಲ್ಲ. ಅಮ್ಮನಿಗೂ ಮಕ್ಕಳಿಗೂ ಗಾತ್ರದಲ್ಲಿ ವ್ಯತ್ಯಾಸ ಹೆಚ್ಚಿರಲಿಲ್ಲ. ಹುಡುಗರು ಏರಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ಯಾವುದೋ ಪಟ ದಾರ ಕಡಿದು ನೀರಿಗೆ ಬಿತ್ತು. ನಾಲ್ಕೂ ಒಟ್ಟಿಗೆ ಎದ್ದವು. ನೀರಿನ ಮೇಲೆ ಸ್ವಲ್ಪ ದೂರ ರೆಕ್ಕೆ ಬಡಿದು, ಮೇಲೇರಿ, ಇಡೀ ಕೆರೆಗೆ ಒಂದು ಸುತ್ತು ಹಾಕಿ ಮತ್ತೆ ಅದೇ ಮೂಲೆಗೆ ಇಳಿದವು. ರೆಕ್ಕೆಯ ಹಸಿರು ಪಟ್ಟಿ ಮೊದಲ ಸಲ ಕಂಡಿತು. ಮನೆಗೆ ಬಂದಾಗ ಕೂಸು ಎರಡು ತಿಂಗಳು ದಾಟಿ, ಮಗುಚಲು ಕೂಡ ಬಾರದೆ, ಸೀಲಿಂಗ್ ಫ್ಯಾನನ್ನು ನೋಡಿ ನಗುತ್ತಿತ್ತು.

ಫೆಬ್ರವರಿಯಲ್ಲಿ ಹೊಗೆಯ ಯಂತ್ರ ಎರಡು ಸಲ ಬಂತು, ಆಮೇಲೆ ಬರಲಿಲ್ಲ. ಜೊಂಡನ್ನು ಅರ್ಧ ಕಿತ್ತರು. ಕಲ್ಲು ಇನ್ನೂ ಬಂದಿಲ್ಲ.

ಮೇ ತಿಂಗಳಲ್ಲಿ ಕೂಸಿಗೆ ಅನ್ನಪ್ರಾಶನ. ಬೆಳ್ಳಿ ಬಟ್ಟಲಲ್ಲಿ ಪಾಯಸ, ಒಂದು ಚೂರು ನಾಲಿಗೆಗೆ. ಮುಖ ಸಿಂಡರಿಸಿ ಉಗಿಯಿತು, ಥೇಟ್ ಆ ಸಿಗರೇಟ್ ತುಂಡಿನ ಮರಿಯ ಹಾಗೆ. ಎಲ್ಲರೂ ಹೋದ ಮೇಲೆ ಅಮ್ಮ ಪಾತ್ರೆ ಒರೆಸುತ್ತಾ ಕೇಳಿದಳು.

"ನಿನ್ನ ನೀರುಕೋಳಿ ಮರಿಗಳು ಈಗ ಏನು ತಿಂತಾವೆ?"

"ಕಾಳು, ಸೊಪ್ಪು. ದೊಡ್ಡವಾಗಿವೆ."

"ಹುಳ ಪೂರ್ತಿ ಬಿಟ್ಟವಾ?"

"ಪೂರ್ತಿ ಅಲ್ಲ. ಮೊಟ್ಟೆ ಇಡೋ ಕಾಲ ಬಂದರೆ ಹೆಣ್ಣು ಮತ್ತೆ ಹುಳ, ಬಸವನಹುಳ ಹುಡುಕಿಕೊಂಡು ಹೋಗುತ್ತೆ. ಮೊಟ್ಟೆಗೆ ಪ್ರೋಟೀನು, ಚಿಪ್ಪಿಗೆ ಸುಣ್ಣ ಬೇಕಲ್ಲ."

ಅಮ್ಮ ಲೋಟ ಬೋರಲು ಹಾಕಿದಳು.

"ಹಂಗನ್ನು. ಬಯಕೆ ಊಟ."